ಕಾಡೊಳಗೆ ರಾತ್ರಿ ಟೆಂಟ್ ಹಾಕಕ್ಕೆ ಪರ್ಮಿಟ್ ಕೊಡ್ಬೇಕಾ? ಪರ – ವಿರೋಧ

ಪರ: ನಾಲ್ಕೇ ಟೆಂಟ್ ಆಗ್ಲಿ, ಆದ್ರೆ ಕೊಡಿ

ಕುದುರೆಮುಖಕ್ಕೆ ಹೋಗ್ಬೇಕು ಅಂದ್ರೆ ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಲ್ಲಿ ಬುಕ್ ಮಾಡ್ಬೇಕು, ವೀಕೆಂಡ್ ಸ್ಲಾಟ್ ಅಂತೂ ನೋಡ್ತಾ ನೋಡ್ತಾನೇ ಖಾಲಿ, ಅಕಸ್ಮಾತ್ ಸಿಕ್ತು ಅಂತಾನೇ ಇಟ್ಕೊಳ್ಳಿ, ಕಳಸದ ಕಡೆ ಬಾಳೆಗಲ್ಲಿಂದ ಜೀಪ್ ಹತ್ತಿ ಸೊಂಟ ಮುರ್ಕೊಂಡು ಮುಳ್ಳೋಡಿಗೆ ಹೋಗಿ, ಅಲ್ಲಿಂದ ನಡೆದು 1,890 ಮೀಟರಿಗೂ ಮೇಲಿರೋ ತುದಿ ಮುಟ್ಟಿ, ಸಂಜೆ ಒಳಗೆ ವಾಪಸ್ ಬಂದು ಹಾಜರಿ ಹಾಕ್ಬೇಕು. ಹೋಗ್ತಾ ಬರ್ತಾ ಸೇರಿ ಇಪ್ಪತ್ತು ಕಿಲೋಮೀಟರ್ ಹತ್ರ ಆಗುತ್ತೆ. ದಾರಿಲಿ ಗುರುತಿಗಿರೋ ಒಂಟಿ ಮರ ದಾಟೋ ಹೊತ್ತಿಗೇ ಗೈಡ್ "ಬೇಗ ನಡೀರಿ ಸಾರ್, ಟೈಮ್ ಆಯ್ತು" ಅಂತ ಶುರು ಹಚ್ಕೋತಾನೆ, ಪಾಪ ಅವನ ತಪ್ಪೇನೂ ಇಲ್ಲ. ಶೋಲಾ, ಅಂದ್ರೆ ಗುಡ್ಡದ ಮಡಿಲಲ್ಲಿರೋ ದಟ್ಟ ಕಾಡು, ಅದರೊಳಗೆ ಒಂದ್ನಿಮಿಷ ನಿಂತು ಮೇಲೆ ನೋಡೋಣ ಅಂದ್ರೆ ಕಾಲಿಗೆ ಇಂಬಳ, ಬೆನ್ನಿಗೆ ಜನ. ಹಿಂದೆಲ್ಲ ಅದೇ ದಾರಿಲಿ ಸಿಗೋ ಲೋಬೋ ಮನೆ ಹತ್ರ ಟೆಂಟ್ ಹಾಕಿ ಮಲಗಿ, ಬೆಳಿಗ್ಗೆ ಆರಾಮಾಗಿ ಪೀಕ್ ಹತ್ತಿ ಬರ್ತಿದ್ವಿ ಅಂತ ಹಳೇ ಚಾರಣಿಗರು ಹೇಳೋದು ಕೇಳಿದ್ರೆ ಹೊಟ್ಟೆ ಉರಿಯುತ್ತೆ.

ರಾತ್ರಿ ಉಳಿಯೋದು ಕಾನೂನಿಗೇ ವಿರುದ್ಧ ಅಂತ ತುಂಬ ಜನ ಹೇಳ್ತಾರೆ. ಕಾಯ್ದೆ ತೆಗ್ದು ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪರ್ಮಿಟ್ ಇಲ್ದೆ ಒಳಗೆ ಬರಬೇಡಿ ಅನ್ನುತ್ತೆ ನಿಜ, ಆದ್ರೆ ಅದರ ಪಕ್ಕದ 28ನೇ ಸೆಕ್ಷನಲ್ಲೇ ಒಳಗೆ ಹೋಗಕ್ಕೆ ಮತ್ತೆ ಒಳಗೆ ಉಳಿಯಕ್ಕೆ ಪರ್ಮಿಟ್ ಕೊಡೋ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ, ಯಾವ್ಯಾವ ಕಾರಣಕ್ಕೆ ಅನ್ನೋ ಪಟ್ಟಿಲಿ ಸಂಶೋಧನೆ, ಫೋಟೋಗ್ರಫಿ ಜೊತೆಗೆ ಪ್ರವಾಸೋದ್ಯಮನೂ ಇದೆ. ಅಂದ್ರೆ ಕೊಡಲ್ಲ ಅನ್ನೋದು ಇಲಾಖೆಯ ತೀರ್ಮಾನ, ಕಾಯ್ದೆ ಬೇಡ ಅಂದಿದ್ದಲ್ಲ.

ನಾವೊಂದಷ್ಟು ಜನ ಸೇರಿ ಒಮ್ಮೆ ನೆಟ್ಟಗೆ ಅರ್ಜಿ ಬರೆದು, ಎಲ್ಲರ ಆಧಾರ್ ಜೆರಾಕ್ಸ್ ಪಿನ್ ಮಾಡಿ, ಬೆಂಕಿ ಹಾಕಲ್ಲ ಪ್ಲಾಸ್ಟಿಕ್ ಬಿಡಲ್ಲ ಅಂತ ಮುಚ್ಚಳಿಕೆನೂ ಬರ್ಕೊಟ್ಟು ಒಂದು ಆಫೀಸಿಗೆ ಹೋಗಿದ್ವಿ. ಅಲ್ಲಿದ್ದವ್ರು ಅರ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿ "ಇದಕ್ಕೆ ಫಾರ್ಮೇ ಇಲ್ವಲ್ಲ ಸಾರ್" ಅಂದ್ರು. ಹೋಗ್ಲಿ ಸ್ವೀಕರಿಸಿದೀವಿ ಅಂತ ಒಂದು ಸೀಲ್ ಆದ್ರೂ ಹೊಡೀರಿ ಅಂದ್ರೆ ಅದಕ್ಕೂ ಸಾಹೇಬ್ರು ಬರ್ಬೇಕಂತೆ. ಬೇಡ ಅಂತಾದ್ರೂ ಬರವಣಿಗೆಲಿ ಕೊಟ್ಟಿದ್ರೆ ಸಮಾಧಾನ ಆಗ್ತಿತ್ತು.

ಇನ್ನು ಯಾರೂ ಕಾಡಲ್ಲಿ ರಾತ್ರಿ ಇರ್ತಾನೇ ಇಲ್ವಾ? ಲಕ್ಕವಳ್ಳಿ ಹತ್ರ ಭದ್ರಾ ಹಿನ್ನೀರಿನ ದಡದಲ್ಲಿ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ದೇ ರಿವರ್ ಟರ್ನ್ ಲಾಡ್ಜ್ ಇದೆ, ಮುತ್ತೋಡಿಲಿ ಇಲಾಖೆ ಕಾಟೇಜ್ ಇದೆ. ಸಾವಿರಗಟ್ಲೆ ಕೊಟ್ಟು ಎಸಿ ರೂಮಲ್ಲಿ ಮಲಗಿದ್ರೆ ಪ್ರಾಣಿಗೆ ತೊಂದ್ರೆ ಆಗಲ್ಲ, ಬೆನ್ನ ಮೇಲೆ ಟೆಂಟ್ ಹೊತ್ಕೊಂಡು ಬಂದವನು ಮಲಗಿದ್ರೆ ಆಗುತ್ತೆ, ಇದ್ಯಾವ ಲೆಕ್ಕ ಅಂತ ನಂಗರ್ಥ ಆಗಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಕಾಡಂಚಲ್ಲಿ ನಡೀತಿದೆ. ಮೂಡಿಗೆರೆ, ಸಕಲೇಶಪುರ ಕಡೆ ಕಾಡಿಗೆ ಅಂಟ್ಕೊಂಡಿರೋ ಎಷ್ಟೋ ಎಸ್ಟೇಟಲ್ಲಿ "ರಿವರ್ ಸೈಡ್ ಕ್ಯಾಂಪಿಂಗ್" ಅಂತ ಸಾಲಾಗಿ ಬಣ್ಣಬಣ್ಣದ ಟೆಂಟ್, ಕ್ಯಾಂಪ್ ಫೈರ್, ಡಿಜೆ, ರಾತ್ರಿ ಒಂದು ಗಂಟೆವರೆಗೂ ಕೂಗಾಟ. ಬೇಲಿ ಆ ಕಡೆ ಕಾಡು. ಅದಕ್ಕೆ ಪರ್ಮಿಟ್ ಇದ್ಯಾ ಅಂತ ಕೇಳೋರೂ ಇಲ್ಲ. ಕಾಡಲ್ಲಿ ರಾತ್ರಿ ಇರ್ಬೇಕು ಅನ್ನೋ ಆಸೆ ಇರೋ ಹುಡುಗ್ರೆಲ್ಲ ಹೋಗಿ ಬೀಳೋದು ಅಲ್ಲಿಗೇ, ಇಲ್ಲ ಅಂದ್ರೆ ಗೇಟ್ ತಪ್ಪಿಸ್ಕೊಂಡು ಕದ್ದು ಹೋಗ್ತಾರೆ, ಕದ್ದು ಹೋದವನು ಏನಾದ್ರೂ ಆದ್ರೆ ಫೋನೂ ಮಾಡಲ್ಲ.

ನಾನು ಕೇಳೋದು ಜಾಸ್ತಿ ಏನಲ್ಲ. ಇಲಾಖೆಯವ್ರದ್ದು ಕಳ್ಳಬೇಟೆ ತಡೆ ಶಿಬಿರಗಳು ಇದಾವಲ್ಲ, ಸುತ್ತ ಆನೆ ಕಂದಕ ತೋಡಿ ವಾಚರ್‌ಗಳು ರಾತ್ರಿ ಇರ್ತಾರೆ, ಅಂಥ ಒಂದೆರಡು ಜಾಗದ ಪಕ್ಕದಲ್ಲೇ ನಾಲ್ಕು ಟೆಂಟಿಗೆ ಅಷ್ಟೇ ಜಾಗ. ಮಳೆಗಾಲ ಬೇಡ, ಫೆಬ್ರವರಿ ಮೇಲೆ ಬೆಂಕಿ ಕಾಲ ಅದೂ ಬೇಡ, ದಸರಾ ಆದ್ಮೇಲಿಂದ ಜನವರಿ ಮುಗಿಯೋವರೆಗೆ ಸಾಕು. ಬೆಂಕಿ ಇಲ್ಲ, ಸ್ಟವ್ ಕೂಡ ಇಲ್ಲ, ಚಪಾತಿ ಪಲ್ಯ ಕಟ್ಕೊಂಡು ಹೋಗ್ತೀವಿ. ಊರಿನ ಗ್ರಾಮ ಅರಣ್ಯ ಸಮಿತಿ ಹುಡುಗ ಒಬ್ಬ ಜೊತೆಗೆ, ಅವನಿಗೆ ಎರಡು ದಿನದ ಕೂಲಿ. ಡೆಪಾಸಿಟ್ ಇಸ್ಕೊಳ್ಳಿ, ಒಂದು ಗುಟ್ಕಾ ಪ್ಯಾಕೆಟ್ ಸಿಕ್ರೂ ವಾಪಸ್ ಕೊಡಬೇಡಿ. ಒಂದು ಸೀಸನ್ ನೋಡಿ, ಸರಿ ಬರಲಿಲ್ಲ ಅಂದ್ರೆ ಮುಚ್ಚಿ.

ವಿರೋಧ: ಹಗಲು ಬಂದು ಹೋಗಿ, ಸಾಕು

ಮೇಲೆ ಬರೆದವ್ರು ಹಾಸನ ಸಿಟಿಯವ್ರು ಇರ್ಬೇಕು, ಮಾತು ಮರ್ಯಾದೆಯಾಗೇ ಇದೆ, ಚಪಾತಿ ಪಲ್ಯ ಕಟ್ಕೊಂಡು ಬರೋರು ಬೇರೆ. ಎಲ್ರೂ ಇವ್ರ ಥರಾನೇ ಇದ್ದಿದ್ರೆ ನಾನು ಇದನ್ನ ಬರೀತಿರ್ಲಿಲ್ಲ.

ನಮ್ಮದು ಸಕಲೇಶಪುರ ತಾಲ್ಲೂಕಲ್ಲಿ ಸಣ್ಣ ಕಾಫಿ ತೋಟ. ಬೆಳಿಗ್ಗೆ ಎದ್ದು ಮೊದಲು ನೋಡೋದು ವಾಟ್ಸಾಪ್ ಗ್ರೂಪಲ್ಲಿ ಆನೆ ಎಲ್ಲಿದೆ ಅಂತ. ಪಕ್ಕದ ತೋಟದಲ್ಲಿ ಗುಂಪು ಇದೆ ಅಂತ ಮೆಸೇಜ್ ಬಂತು ಅಂದ್ರೆ ಅವತ್ತು ಹಣ್ಣು ಕೊಯ್ಯಕ್ಕೆ ಆಳುಗಳನ್ನ ಕಳ್ಸಲ್ಲ, ಮಕ್ಕಳನ್ನ ಸ್ಕೂಲ್ ವ್ಯಾನ್ ತನಕ ಜೀಪಲ್ಲೇ ಬಿಡೋದು. ಹಗಲು ಹೊತ್ತು ಎಲ್ಲೋ ಮರದ ನೆರಳಲ್ಲಿ ಸುಮ್ನೆ ನಿಂತಿರೋ ಆನೆ ನಡೆಯಕ್ಕೆ ಶುರು ಮಾಡೋದೇ ಸಂಜೆ ಮೇಲೆ. ಅದರ ದಾರಿಲಿ ನಾಲ್ಕು ಟೆಂಟ್ ಇದ್ರೆ ಏನಾಗುತ್ತೆ? ಒಂದಿನ ಏನೂ ಆಗಲ್ಲ, ಹತ್ತು ದಿನ ಏನೂ ಆಗಲ್ಲ. 2023ರ ಡಿಸೆಂಬರಲ್ಲಿ ನಮ್ಮ ಯಸಳೂರು ಕಡೆ ಏನಾಯ್ತು ಅಂತ ಎಲ್ರಿಗೂ ಗೊತ್ತು, ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ, ಸುತ್ತ ಮಾವುತರು ಡಾಕ್ಟ್ರು ಬಂದೂಕು ಬೇರೆ ಸಾಕಾನೆಗಳು ಎಲ್ಲ ಇದ್ದೂ ಕಾಡಾನೆ ಜೊತೆ ಕಾದಾಡಿ ಸತ್ತ. ಅಂಥವನಿಗೇ ಹಾಗಾಗಿದೆ, ಇನ್ನು ಎರಡು ದಿನದ ಕೂಲಿಗೆ ಬಂದ ಹುಡುಗ ಒಂದು ಟಾರ್ಚ್ ಹಿಡ್ಕೊಂಡು ಏನು ಮಾಡ್ತಾನೆ ಹೇಳಿ. ಕುದುರೆಮುಖದ ಹುಲ್ಲುಗಾವಲಲ್ಲಿ ಇಷ್ಟು ಆನೆ ಕಾಟ ಇಲ್ಲ ಅಂತೀರಾ, ಸರಿ, ಆದ್ರೆ ಅಲ್ಲಿ ಕೊಟ್ರೆ ನಾಳೆ ನಮ್ಮ ಕಡೆ ಬಿಸಿಲೆ ಕಾಡಿಗೆ ಕೇಳ್ತಾರೆ, ಕಬ್ಬಿನಾಲೆ ಕಾಡಿಗೆ ಕೇಳ್ತಾರೆ.

ಆನೆ ಕಂದಕದ ಮಾತು ಓದಿ ನಗು ಬಂತು. ಆ ಶಿಬಿರದಲ್ಲಿ ಇರೋರು ಬಹಳಷ್ಟು ದಿನಗೂಲಿ ವಾಚರ್‌ಗಳು, ಮನೆ ಮಠ ಬಿಟ್ಟು ರೇಷನ್ ಹೊತ್ಕೊಂಡು ಹೋಗಿ ಇರೋದು ಬೇಟೆಯವ್ರನ್ನ ಕಾಯಕ್ಕೆ. ಅವ್ರಿಗೆ ಈಗ ನಿಮ್ಮನ್ನ ಕಾಯೋ ಕೆಲಸಾನೂ ಸೇರಿಸ್ಬೇಕಾ? ರಾತ್ರಿ ಯಾರಿಗೋ ಹೊಟ್ಟೆನೋವು ಬಂತು ಅಂದ್ರೆ ನೆಟ್‌ವರ್ಕ್ ಇಲ್ಲದ ಜಾಗದಿಂದ ಹೊತ್ಕೊಂಡು ಇಳಿಸೋರು ಅವ್ರೇ, ದಾರಿ ತಪ್ಪಿದ್ರೆ ಹುಡುಕಕ್ಕೆ ಹೋಗೋದು ಆ ಊರಿನ ಜನಾನೇ.

ಬೆಂಕಿ ವಿಷಯ. ಡಿಸೆಂಬರ್ ಕೊನೆಗೇ ಗುಡ್ಡದ ಹುಲ್ಲು ಹಳದಿ ತಿರುಗಿರುತ್ತೆ, ಇಲಾಖೆಯವ್ರು ಬೆಂಕಿ ಹರಡದಂಗೆ ಹುಲ್ಲು ತೆಗ್ದು ಬೆಂಕಿ ರೇಖೆ ಮಾಡಕ್ಕೆ ಶುರು ಮಾಡಿರ್ತಾರೆ. ಗುಡ್ಡದ ನೆತ್ತಿ ಗಾಳಿಗೆ ಹತ್ಕೊಂಡ್ರೆ ಜೀಪ್ ಹೋಗಲ್ಲ, ನೀರಿನ ಟ್ಯಾಂಕರ್ ಕೇಳ್ಲೇಬೇಡಿ, ಹಸಿ ಸೊಪ್ಪಿನ ಕೊಂಬೆ ಮುರ್ಕೊಂಡು ಸಾಲಾಗಿ ನಿಂತು ಬಡೀಬೇಕು, ಹೊಗೆಗೆ ಕಣ್ಣು ಬಿಡಕ್ಕಾಗಲ್ಲ, ಒಂದು ಕಡೆ ಆರಿಸಿ ತಿರುಗಿದ್ರೆ ಹಿಂದೆ ಮತ್ತೆ ಎದ್ದಿರುತ್ತೆ. ಅದನ್ನ ಒಂದ್ಸಲ ನೋಡಿದವ್ರು ಸ್ಟವ್ ತರಲ್ಲ ಅನ್ನೋ ಮುಚ್ಚಳಿಕೆ ನಂಬಲ್ಲ. ಒಂದು ಬೀಡಿ ಸಾಕು. ಕತ್ತಲಲ್ಲಿ ನಾಲ್ಕು ಟೆಂಟೊಳಗೆ ಯಾರು ಏನು ಹಚ್ತಾರೆ ಅಂತ ನೋಡೋರು ಯಾರು?

ನಾಲ್ಕು ಟೆಂಟ್ ನಾಲ್ಕೇ ಆಗಿ ಉಳಿಯಲ್ಲ ಅನ್ನೋದೇ ನನ್ನ ಮುಖ್ಯ ಭಯ. 2024ರ ಜನವರಿಲಿ ಗಣರಾಜ್ಯೋತ್ಸವದ ರಜಕ್ಕೆ ಕುಮಾರಪರ್ವತಕ್ಕೆ ಬಂದ ಜನ ನೋಡಿದ್ರಲ್ಲ, ಜಾತ್ರೆ ಥರ. ಆಮೇಲೆ ಚಾರಣ ನಿಲ್ಸಿ, ಆನ್‌ಲೈನ್ ಬುಕಿಂಗ್ ತಂದು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದ್ರು. ಯೋಚ್ನೆ ಮಾಡಿ, 300 ಅನ್ನೋದೇ ಕಡಿಮೆ ಮಾಡಿದ ಲೆಕ್ಕ! ಟೆಂಟ್ ಪರ್ಮಿಟ್ ಅಂತ ಒಂದು ಬಟನ್ ಬಂತು ಅಂದ್ರೆ ಬೆಂಗಳೂರಿನ ಪ್ಯಾಕೇಜ್ ಟೂರ್‌ನವ್ರು ಸುಮ್ನೆ ಇರ್ತಾರಾ, ಒಂದು ವರ್ಷ ನಾಲ್ಕು, ಮುಂದಿನ ವರ್ಷ ಬೇಡಿಕೆ ಜಾಸ್ತಿ ಇದೆ ಆದಾಯ ಬರುತ್ತೆ ಅಂತ ನಲವತ್ತು. 2022ರಲ್ಲಿ ಬಾಬಾಬುಡನ್‌ಗಿರಿ ಕಡೆ ಕುರಿಂಜಿ ಅರಳಿದಾಗ ಹೂ ಕಿತ್ತು ಕಿವಿಗೆ ಸಿಕ್ಕಿಸ್ಕೊಂಡು ರೀಲ್ಸ್ ಮಾಡಿದ್ದನ್ನ ಕಣ್ಣಾರೆ ನೋಡಿದೀನಿ. ಅದು ಹಟ್ಟಹಗಲು, ರೋಡ್ ಪಕ್ಕ, ಗಾರ್ಡ್ ಎದುರಿಗೆ.

ಲಾಡ್ಜ್ ಬಗ್ಗೆ ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ. ದುಡ್ಡಿದ್ದವನಿಗೊಂದು ನ್ಯಾಯ ಇಲ್ಲದವನಿಗೊಂದು ನ್ಯಾಯ ಆಗ್ಬಾರ್ದು. ಹಂಗಂತ ಇನ್ನೊಂದು ಬಾಗಿಲು ತೆಗೀರಿ ಅನ್ನೋದಕ್ಕಿಂತ ಇರೋ ಬಾಗಿಲನ್ನೂ ಚಿಕ್ಕದು ಮಾಡಿ ಅಂತ ಕೇಳ್ಬೇಕಿತ್ತು. ಭದ್ರಾ ಹುಲಿ ಮೀಸಲು ಅರಣ್ಯದಿಂದ 2000ದ ಆಸುಪಾಸಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬ ಎದ್ದು ಎಂ.ಸಿ.ಹಳ್ಳಿ, ಕೆಳಗೂರು ಕಡೆ ಬಂದವು. ತಲೆತಲಾಂತರದಿಂದ ಗದ್ದೆ ಮಾಡ್ಕೊಂಡು ಇದ್ದವ್ರು ಅವ್ರು. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯೋದನ್ನೇ 2005ರ ಕೊನೆಗೆ ನಿಲ್ಸಿದ್ರು, ಸಾವಿರಾರು ಜನರ ಕೆಲಸ ಹೋಯ್ತು, ಟೌನ್‌ಶಿಪ್ ಹಾಳು ಬಿತ್ತು. ಇವತ್ತಿಗೂ ಅಲ್ಲಿನ ನ್ಯಾಷನಲ್ ಪಾರ್ಕ್ ಒಳಗಿರೋ ಮನೆಗಳಿಗೆ ಒಂದು ಕರೆಂಟ್ ಲೈನ್ ಎಳೀಬೇಕು, ರೋಡಿಗೆ ಜಲ್ಲಿ ಹಾಕ್ಬೇಕು ಅಂದ್ರೆ ಇಲಾಖೆ ಅನುಮತಿಗೆ ಅಲೀತಾ ಇರ್ತಾರೆ. ಅವ್ರ ಅಂಗಳದ ಮೇಲಿಂದಾನೇ ನೀವು ಮೊಬೈಲಲ್ಲಿ ಪರ್ಮಿಟ್ ತೋರಿಸ್ಕೊಂಡು ರಾತ್ರಿ ಮಲಗಕ್ಕೆ ಹೋಗೋದು ಅಂದ್ರೆ ಅವ್ರಿಗೆ ಏನನ್ಸುತ್ತೆ?

ಎಸ್ಟೇಟ್ ಟೆಂಟ್, ಡಿಜೆ ಕಾಟ ನಮಗೇ ಸಾಕಾಗಿದೆ, ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡಿ. ರಾತ್ರಿ ಹತ್ತು ಗಂಟೆ ಮೇಲೆ ಧ್ವನಿವರ್ಧಕ ಹಾಕಂಗಿಲ್ಲ ಅಂತ 2000ದಿಂದಾನೇ ರೂಲ್ ಇದೆ. ಪಂಚಾಯ್ತಿ, ಪೊಲೀಸ್ರು ಮನಸ್ಸು ಮಾಡಿದ್ರೆ ಅದು ನಿಲ್ಲುತ್ತೆ. ಕಾಡೊಳಗೆ ಟೆಂಟ್ ಕೊಟ್ರೆ ಆ ಡಿಜೆ ಗಿರಾಕಿಗಳು ಸ್ಪೀಕರ್ ಬಿಟ್ಟು ಬಂದು ಕೈಕಟ್ಕೊಂಡು ಮಲಗ್ತಾರೆ ಅನ್ನೋದು ಯಾವ ನಂಬಿಕೆ.

ಪರ್ಮಿಟ್ ಫಾರ್ಮಲ್ಲಿ "ನನ್ನ ಪ್ರಾಣಕ್ಕೆ ನಾನೇ ಜವಾಬ್ದಾರಿ" ಅಂತ ಸಹಿ ಹಾಕಿಸ್ಕೋತಾರೆ, ನೀವು ಹಾಕ್ತೀರ. ಆದ್ರೆ ಮಧ್ಯರಾತ್ರಿ ಟಾರ್ಚ್ ಬೆಳಕಿಗೆ ಕೂಗಾಟಕ್ಕೆ ಬೆದರಿದ ಆನೆ ಬೆಳಗಿನ ಜಾವ ಇಳಿದು ಬರೋದು ನಮ್ಮ ತೋಟದ ಆಳುಗಳ ಲೈನ್ ಮನೆ ಮುಂದೆ, ಒಲೆಗೆ ಸೌದೆ ತರಕ್ಕೆ ಎದ್ದ ಹೆಂಗಸಿನ ಎದುರಿಗೆ. ಅವಳೇನು ಸಹಿ ಹಾಕಿರಲ್ಲ. ಹಗಲಿನ ಗೇಟ್ ಟೈಮ್ ಒಂದು ಗಂಟೆ ಮುಂಚೆ ತೆಗೀರಿ, ಗೈಡ್‌ಗಳನ್ನ ಜಾಸ್ತಿ ಮಾಡಿ, ಜನರನ್ನ 300ರಿಂದ ನೂರಕ್ಕೆ ಇಳಿಸಿ, ಆಗ ನಿಮಗೆ ಶೋಲಾ ಒಳಗೆ ನಿಂತು ಮೇಲೆ ನೋಡಕ್ಕೂ ಟೈಮ್ ಸಿಗುತ್ತೆ. ಆ ಅರ್ಜಿ ಬರ್ಕೊಂಡು ಬನ್ನಿ, ನಾನೂ ಸಹಿ ಹಾಕ್ತೀನಿ, ಸೀಲ್ ಹೊಡಿಸ್ಕೊಂಡು ಬರಕ್ಕೆ ಜೊತೆಗೂ ಬರ್ತೀನಿ.