ಒಂದು ಇಟ್ಟಿಗೆ, ಒಂದು ಚೀಲ ಪುಡಿ

ವಿಷದ ಟ್ಯಾಂಕು ಸೋರಿದರೆ ಏನು ಮಾಡಬೇಕು ಅಂತ ದಪ್ಪ ದಪ್ಪ ಪುಸ್ತಕಗಳಿವೆ. 2014ರ ಜನವರಿ 9ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಅದನ್ನೆಲ್ಲ ಓದುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ. ಚಾರ್ಲ್ಸ್‌ಟನ್ ಊರಿನ ಎಲ್ಕ್ ನದಿ ದಡದಲ್ಲಿ ಫ್ರೀಡಂ ಇಂಡಸ್ಟ್ರೀಸ್ ಕಂಪನಿಯ ಟ್ಯಾಂಕು. ಒಳಗೆ ಕಲ್ಲಿದ್ದಲು ತೊಳೆಯುವ ಎಂಸಿಎಚ್‌ಎಂ ಅನ್ನೋ ರಾಸಾಯನಿಕ, ತಳದಲ್ಲಿ ತುಕ್ಕು ತಿಂದ ತೂತು. ತುರ್ತು ಪರಿಹಾರವಾಗಿ ಒಂದು ಸಿಮೆಂಟ್ ಇಟ್ಟಿಗೆ, ಒಂದು ಚೀಲ ಹೀರುವ ಪುಡಿ. ಅಡುಗೆಮನೆಯಲ್ಲಿ ಎಣ್ಣೆ ಚೆಲ್ಲಿದರೂ ಇದಕ್ಕಿಂತ ಜಾಸ್ತಿ ಓಡಾಟ ನಡೆಯುತ್ತದೆ.

ಸೋರಿಕೆ ಹಿಡಿದದ್ದು ಯಾವ ಯಂತ್ರವೂ ಅಲ್ಲ, ಊರವರ ಮೂಗು. ಬೆಳಿಗ್ಗೆಯಿಂದ ಜ್ಯೇಷ್ಠಮಧುವಿನ ವಾಸನೆ ಅಂತ ದೂರು. ಪರಿಸರ ಇಲಾಖೆಯ ಇನ್‌ಸ್ಪೆಕ್ಟರುಗಳು ವಾಸನೆ ಹಿಡಿದೇ ಬಂದರು. ಏನೂ ತೊಂದರೆ ಇಲ್ಲ ಅಂದರು ಕಂಪನಿಯವರು. ಒಂದು ಸುತ್ತು ಹಾಕಿದರೆ ನೆಲದ ಮೇಲೆ ಮಡುವೇ ನಿಂತಿತ್ತು! ಒಟ್ಟು ಸೋರಿದ್ದು ಸುಮಾರು 10,000 ಗ್ಯಾಲನ್, ಅಂದರೆ 38,000 ಲೀಟರ್ ಹತ್ತಿರ. ಊರಿಗೆ ಕುಡಿಯುವ ನೀರು ಎತ್ತುವ ಜಾಗ ಅಲ್ಲಿಂದ ಎರಡೂವರೆ ಕಿಲೋಮೀಟರ್ ಕೆಳಗೆ. ಇಷ್ಟು ಅನುಕೂಲದ ಜಾಗ ಹುಡುಕಿದರೂ ಸಿಗುವುದಿಲ್ಲ ಬಿಡಿ. ಇನ್ನು ತಪಾಸಣೆ? ಅಲ್ಲಿ ಏನನ್ನೂ ತಯಾರಿಸುತ್ತಿರಲಿಲ್ಲ, ಬರೀ ಇಟ್ಟುಕೊಂಡಿದ್ದರು. ಹಾಗಾಗಿ ಪರಿಸರ ಇಲಾಖೆ ಆಗಾಗ ಬಂದು ಟ್ಯಾಂಕು ನೋಡಬೇಕೆಂಬ ನಿಯಮವೇ ಇರಲಿಲ್ಲ. ಸುಮ್ನೆ ಇಟ್ಟಿದ್ದು ಅಲ್ವಾ, ಏನಾಗುತ್ತೆ!

ಸಂಜೆ ಸುಮಾರು 3 ಲಕ್ಷ ಜನರಿಗೆ ಆದೇಶ ಬಂತು. ಈ ನೀರು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ಸ್ನಾನವೂ ಬೇಡ. ಕಕ್ಕಸಿಗೆ ಸುರಿಯಬಹುದು, ಬೆಂಕಿ ಬಿದ್ದರೆ ಆರಿಸಬಹುದು.

ಹಾಗಾದರೆ ಎಷ್ಟಿದ್ದರೆ ಕುಡಿಯಬಹುದು? ಈ ರಾಸಾಯನಿಕ ಮನುಷ್ಯರಿಗೆ ಏನು ಮಾಡುತ್ತದೆ ಅನ್ನುವ ಮಾಹಿತಿಯೇ ತೀರಾ ಕಡಿಮೆ. ಇಲಿಗಳ ಮೇಲಿನ ಪ್ರಯೋಗ ನೋಡಿ, 10 ಲಕ್ಷ ಪಾಲು ನೀರಿಗೆ 1 ಪಾಲು ಅಂತ ಗೆರೆ ಎಳೆದರು. ಜನವರಿ 13ರಿಂದ ಒಂದೊಂದೇ ಬಡಾವಣೆಗೆ ಅನುಮತಿ ಸಿಕ್ಕಿತು, ಜನ ನಲ್ಲಿ ತಿರುಗಿಸಿದರು. 15ಕ್ಕೆ ಹೊಸ ಸಲಹೆ: ಗರ್ಭಿಣಿಯರು ಮಾತ್ರ ಬಾಟಲಿ ನೀರು ಕುಡಿದರೆ ವಾಸಿ. ಆಗಲೇ ನಲ್ಲಿ ನೀರು ಕುಡಿದ ಗರ್ಭಿಣಿಯರು ಏನು ಮಾಡಬೇಕಿತ್ತೋ! ಕಂಪನಿ ಅಧ್ಯಕ್ಷರು ಇವರೆಲ್ಲರಿಗಿಂತ ಜಾಣರು. ಸೋರಿಕೆಯ ಮರುದಿನದ ಪತ್ರಿಕಾಗೋಷ್ಠಿಯಲ್ಲಿ, ಕ್ಯಾಮೆರಾಗಳ ಎದುರೇ, ಬಾಟಲಿ ನೀರು ಗುಟುಕರಿಸಿದ್ದರು.

ಜನವರಿ 17ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಟ್ಯಾಂಕಿನಲ್ಲಿ ಪಿಪಿಎಚ್ ಅನ್ನೋ ಇನ್ನೊಂದು ರಾಸಾಯನಿಕವೂ ಇತ್ತು ಅಂತ ಸರ್ಕಾರಕ್ಕೆ ಹೇಳಿದ್ದು 21ಕ್ಕೆ. ಯಾವುದು ಅರ್ಜೆಂಟೋ ಅದು ಮೊದಲು.

ಅದೇ ವರ್ಷ ಟ್ಯಾಂಕುಗಳ ತಪಾಸಣೆಗೆ ರಾಜ್ಯದಲ್ಲಿ ಬಿಗಿ ಕಾನೂನು ಬಂತು. ಉದ್ಯಮದವರಿಗೆ ಹೊರೆ ಜಾಸ್ತಿ ಆಯಿತಂತೆ. 2015ರಲ್ಲಿ ಸಾವಿರಾರು ಟ್ಯಾಂಕುಗಳನ್ನು ಅದರಿಂದ ಹೊರಗಿಟ್ಟರು. ಅಷ್ಟೊತ್ತಿಗೆ ವಾಸನೆ ಹೋಗಿತ್ತಲ್ಲ.