ಲಕ್ಷ ಕೊಟ್ಟು ಭಾಷಣಕ್ಕೆ ಕರೆಸಬೇಕೇ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಾಲೇಜುಗಳು ಮಾಜಿ ಮಂತ್ರಿಗಳನ್ನೂ ಕಂಪನಿ ನಡೆಸಿದವರನ್ನೂ ಸಂಭಾವನೆ ಕೊಟ್ಟು ಉಪನ್ಯಾಸಕ್ಕೆ ಕರೆಸುವುದು ಸರಿಯೇ? ಇಲ್ಲಿ ಎರಡು ವಾದಗಳಿವೆ.

ಪರ: ದುಡ್ಡು ಕೊಡಿ, ಪ್ರಶ್ನೆ ಕೇಳುವ ಹಕ್ಕನ್ನು ಬರೆಸಿಕೊಳ್ಳಿ

ದೊಡ್ಡವರು ನಮ್ಮ ಕಾಲೇಜುಗಳಿಗೆ ಬರುವುದು ಹೊಸದಲ್ಲ. ಅವರು ಬಂದು ಹೋದಮೇಲೆ ಮಕ್ಕಳ ಕೈಯಲ್ಲಿ ಏನು ಉಳಿಯಿತು ಎಂಬುದೇ ತಕರಾರು. ಪುಕ್ಕಟೆ ಬರುವ ಅತಿಥಿ ಉಪಕಾರ ಮಾಡಲು ಬಂದವರು. ಹತ್ತೂವರೆಯ ಕಾರ್ಯಕ್ರಮಕ್ಕೆ ಹನ್ನೆರಡಕ್ಕೆ ಬಂದು ಕೆ.ಆರ್. ಪುರದ ಟ್ರಾಫಿಕ್ಕು ಎಂದರೆ ಮರುಮಾತಿಲ್ಲ. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿ ಪರಿಚಯ. ವೇದಿಕೆಯ ಮೇಲೆ ಕೂತ ಹನ್ನೊಂದು ಜನರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗೆ ಮೈಕು ಸಿಗುವಷ್ಟರಲ್ಲಿ ಊಟದ ಹೊತ್ತು. ಅವರು ಇಪ್ಪತ್ತು ನಿಮಿಷ ಮಾತಾಡಿ ಎದ್ದರೆ ಪ್ರಶ್ನೆ ಕೇಳುವವರು ಯಾರು, ಕೇಳಿಸಿಕೊಳ್ಳುವವರು ಯಾರು?

ಸಂಭಾವನೆ ಈ ಲೆಕ್ಕವನ್ನು ಬದಲಿಸುತ್ತದೆ. ಹಣ ಪಡೆದವರಿಗೆ ಸಮಯದ ಕಟ್ಟು ಹಾಕಬಹುದು, ವಿಷಯ ಗೊತ್ತುಮಾಡಬಹುದು, ಉತ್ತರ ಕೇಳಬಹುದು. ಅಮೆರಿಕದಲ್ಲಿ 1826ರಲ್ಲಿ ಜೋಸಯ್ಯ ಹಾಲ್‌ಬ್ರೂಕ್ ಮಿಲ್ಬರಿ ಎಂಬ ಸಣ್ಣ ಊರಿನಲ್ಲಿ ಲೈಸಿಯಂ ಎಂಬ ಉಪನ್ಯಾಸ ಕೂಟ ಕಟ್ಟಿದಾಗ ಕೇಳಲು ಬಂದವರಲ್ಲಿ ಕುಶಲಕರ್ಮಿಗಳೂ ರೈತರೂ ಇದ್ದರು. ಭಾಷಣಕಾರರನ್ನು ಗೊತ್ತುಮಾಡಿ ಕಳಿಸುವ ಬ್ಯೂರೋವನ್ನು ಜೇಮ್ಸ್ ರೆಡ್‌ಪಾತ್ ಬಾಸ್ಟನ್‌ನಲ್ಲಿ ತೆರೆದದ್ದು 1868ರಲ್ಲಿ. ಸಾಲದಲ್ಲಿ ಮುಳುಗಿದ್ದ ಮಾರ್ಕ್ ಟ್ವೇನ್ 1895–96ರಲ್ಲಿ ಊರೂರು ಸುತ್ತಿ ಭಾಷಣ ಮಾಡಿಯೇ ಸಾಲ ತೀರಿಸಲು ಹೊರಟರು. ಆ ಪ್ರವಾಸದಲ್ಲಿ ಭಾರತಕ್ಕೂ ಬಂದಿದ್ದರು. ಮಾತಿಗೆ ಬೆಲೆ ಕಟ್ಟಿದರೆ ಮಾತು ಕೆಡುತ್ತದೆ ಎಂಬುದನ್ನು ಈ ಇತಿಹಾಸ ಒಪ್ಪುವುದಿಲ್ಲ.

ಇವರಿಗೆ ಗೊತ್ತಿದ್ದು ಪುಸ್ತಕದಲ್ಲಿ ಸಿಗದಿರುವುದು ಯಾವುದು? ಕೋಲಾರ ಜಿಲ್ಲೆಯ ನರಸಾಪುರವನ್ನೇ ನೋಡಿ. 2020ರ ಡಿಸೆಂಬರ್ 12ರಂದು ಆಪಲ್‌ಗೆ ಐಫೋನ್ ಮಾಡಿಕೊಡುತ್ತಿದ್ದ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಲಭೆಯಾಯಿತು. ಕೆಲವು ಕಾರ್ಮಿಕರಿಗೆ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ತಡವಾಗಿದ್ದು ನಿಜವೆಂದು ಆಮೇಲೆ ಆಪಲ್ ಕಂಪನಿಯೇ ಹೇಳಿತು. ಜನರ ಸಂಖ್ಯೆ ತೀರ ಬೇಗ ಏರಿತ್ತು, ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರು, ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ನಡೆದಿರಲಿಲ್ಲ. 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಆ ಕಾರ್ಖಾನೆಯನ್ನು ವಹಿಸಿಕೊಂಡಿತು. ನಮ್ಮ ಬಿ.ಕಾಂ., ಬಿಬಿಎ ಮಕ್ಕಳಲ್ಲಿ ಎಷ್ಟೋ ಮಂದಿ ನಾಳೆ ನರಸಾಪುರ, ವೇಮಗಲ್ ಕಡೆ ಎಚ್.ಆರ್. ವಿಭಾಗದಲ್ಲೇ ಕೂರುವವರು. ದೊಡ್ಡ ಕಾರ್ಖಾನೆ ನಡೆಸಿದ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಅವರು ಕೇಳಬೇಕಾದದ್ದು ಇದು: ಎರಡು ತಿಂಗಳಲ್ಲಿ ಆಳು ದುಪ್ಪಟ್ಟಾದರೆ ಮೊದಲು ಏನು ಕೈಕೊಡುತ್ತದೆ? ಹಾಜರಿಯೋ, ಬಸ್ಸೋ, ಕ್ಯಾಂಟೀನೋ, ಗುತ್ತಿಗೆದಾರನ ಬಿಲ್ಲೋ? ಪಾಳಿಯನ್ನು ಎಂಟು ಗಂಟೆಯಿಂದ ಹನ್ನೆರಡಕ್ಕೆ ಏರಿಸಿದರೆ ಓವರ್‌ಟೈಮ್ ಲೆಕ್ಕವನ್ನು ದಿನವೂ ಯಾರು ನೋಡಬೇಕು? ಇದಕ್ಕೆ ಉತ್ತರ ಬಲ್ಲವರು ಬೆರಳೆಣಿಕೆಯ ಜನ. ಅವರ ಒಂದು ದಿನಕ್ಕೆ ಬೆಲೆ ಇರುವುದು ನ್ಯಾಯವೇ.

ರಾಜಕಾರಣಿಗಳ ವಿಷಯವೂ ಅಷ್ಟೇ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿದರೆ ಸಾಕು, ಮೂರನೇ ಹಂತ ಬೇಡ ಎಂಬ ತೀರ್ಮಾನ ಯಾವ ಮೇಜಿನ ಮೇಲೆ ಆಯಿತು, ಖರ್ಚಿನ ಲೆಕ್ಕ ಎಷ್ಟು ಕೆಲಸ ಮಾಡಿತು, ಕೊಳವೆಬಾವಿ ಬತ್ತಿದ ರೈತರ ಒತ್ತಾಯ ಎಷ್ಟು ಕೆಲಸ ಮಾಡಿತು? ಸಂಪುಟದಲ್ಲಿ ಕೂತು ಇಂಥ ಕಡತಗಳನ್ನು ಕಂಡವರು ಹೇಳಿದರೆ ಆಡಳಿತ ಎಂದರೇನು ಎಂಬುದು ಒಂದೇ ದಿನದಲ್ಲಿ ಅರ್ಥವಾಗುತ್ತದೆ. ಒಂದು ಮಾತು ಖಂಡಿತ: ಅಧಿಕಾರದಲ್ಲಿ ಇರುವವರಿಗೆ ಬಿಡಿಗಾಸನ್ನೂ ಕೊಡಕೂಡದು. ಸಂಭಾವನೆ ಏನಿದ್ದರೂ ಕುರ್ಚಿ ಬಿಟ್ಟವರಿಗೆ. ಚುನಾವಣಾ ನೀತಿಸಂಹಿತೆ ಇರುವಾಗ ಅವರೂ ಬೇಡ.

ಇನ್ನು ಮಾಡುವ ಬಗೆ. ಒಂದು ಪುಟದ ಪತ್ರ ಸಾಕು, ಆದರೆ ಅದರಲ್ಲಿ ಇಷ್ಟು ಇರಲೇಬೇಕು: ಭಾಷಣ 35 ನಿಮಿಷ, ಪ್ರಶ್ನೋತ್ತರ 40 ನಿಮಿಷ, ಮಾತು ಕನ್ನಡದಲ್ಲಿ, ವಿಷಯ ಇಂಥದ್ದೇ, 'ಯಶಸ್ಸಿನ ಸೂತ್ರ' ಅಲ್ಲ, ವಿಡಿಯೊ ಕಾಲೇಜಿನದು, ಪ್ರಶ್ನೆಗಳನ್ನು ಮೊದಲೇ ತೋರಿಸುವುದಿಲ್ಲ, ರದ್ದಾದರೆ ಹತ್ತು ದಿನದೊಳಗೆ ಮುಂಗಡ ವಾಪಸ್ಸು. ಎರಡು ಸಲ ಕೇಳಿದರೂ ಪ್ರಶ್ನೋತ್ತರದ ಸಾಲಿಗೆ ಒಪ್ಪದವರನ್ನು ಅಲ್ಲಿಗೇ ಬಿಟ್ಟುಬಿಡಿ.

ಹಣದ ಲೆಕ್ಕದಲ್ಲಿ ಕಾಲೇಜುಗಳು ಎಡವುವುದು ತೆರಿಗೆಯಲ್ಲಿ. ಸಂಭಾವನೆ 1,50,000 ರೂಪಾಯಿ ಎಂದುಕೊಳ್ಳಿ. ಅವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ 18%, ಅಂದರೆ 27,000 ಸೇರಿ ಬಿಲ್ಲು 1,77,000 ಆಗುತ್ತದೆ. ಮೂಲ ಮೊತ್ತದ ಮೇಲೆ 10% ಟಿಡಿಎಸ್ (ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ), 15,000, ಹಿಡಿದುಕೊಂಡು 1,62,000 ಬ್ಯಾಂಕಿನ ಮೂಲಕ ಕೊಡಬೇಕು. ಹಿಡಿದದ್ದನ್ನು ಗಡುವಿನೊಳಗೆ ಸರ್ಕಾರಕ್ಕೆ ಕಟ್ಟಬೇಕು. ಲಕೋಟೆಯಲ್ಲಿ ನಗದು ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವುದು ಪ್ರಾಂಶುಪಾಲರೇ. 600 ಮಕ್ಕಳಿದ್ದರೆ ತಲೆಗೆ 295 ರೂಪಾಯಿ ಬಿತ್ತು.

ಪ್ರಶ್ನೆಯ ಚೀಟಿಗೆ ಅರ್ಧ ಹಾಳೆ ಸಾಕು. ಒಂದು ವಾರ ಮೊದಲು ಪ್ರತಿ ತರಗತಿಯಿಂದ ಐದು ಚೀಟಿ ಪಡೆಯಿರಿ. ಇಬ್ಬರು ಅಧ್ಯಾಪಕರು, ಇಬ್ಬರು ವಿದ್ಯಾರ್ಥಿಗಳು ಕೂತು ಹನ್ನೆರಡು ಆರಿಸಲಿ. ಆರಿಸುವಾಗ ಒಂದೇ ನಿಯಮ: ಊರು, ವರ್ಷ, ಮೊತ್ತ ಈ ಮೂರರಲ್ಲಿ ಒಂದಾದರೂ ಪ್ರಶ್ನೆಯಲ್ಲಿ ಇರಬೇಕು. 'ಯುವಜನರಿಗೆ ನಿಮ್ಮ ಸಂದೇಶವೇನು' ಎಂಬ ಚೀಟಿಯನ್ನು ಪಕ್ಕಕ್ಕಿಡಿ. ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದನ್ನು ಎಲ್ಲರೂ ಮೊಬೈಲಿನಲ್ಲಿ ಅರ್ಧ ನಿಮಿಷ ನೋಡಿ ಜಗಳವಾಡಿದರು. ಅವರು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ. ಆ ಊರಿನ ಹುಡುಗಿಯೊಬ್ಬಳು ಎದ್ದು, ಕಾರ್ಖಾನೆಗೆ ಕಾನೂನಿನ ಮಿತಿ ವಾರಕ್ಕೆ 48 ಗಂಟೆ, ಮಿಕ್ಕ 22 ಗಂಟೆಯ ಕೂಲಿ ಯಾವ ದರದಲ್ಲಿ ಎಂದು ಉದ್ಯಮಿಯೊಬ್ಬರನ್ನು ಕೇಳಿದರೆ ಅದು ಪಾಠ. ಉತ್ತರ ಜಾರಿಕೊಂಡರೆ ಅವಳಿಗೇ ಇನ್ನೊಂದು ಮರುಪ್ರಶ್ನೆಗೆ ಅವಕಾಶ ಇರಬೇಕು. ಸಭೆಯಲ್ಲಿ ಓಡಾಡುವ ಎರಡು ಕೈಮೈಕುಗಳಿರಲಿ, ಬ್ಯಾಟರಿ ಹೊಸದಿರಲಿ. ಸ್ಪೀಕರ್ ಬಾಕ್ಸುಗಳು ವೇದಿಕೆಯ ಅಂಚಿಗಿಂತ ಮುಂದೆ ಇರಲಿ, ಕೈಮೈಕು ಅವುಗಳ ಹತ್ತಿರ ಹೋಗದಿರಲಿ, ಇಲ್ಲದಿದ್ದರೆ ಬಾಕ್ಸಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕುಯ್ಯೆಂದು ಕಿರುಚುತ್ತದೆ. ಒಂದು ಸಲ ಕಿರುಚಿತೋ, ಅಂಜುತ್ತ ಎದ್ದ ಹುಡುಗಿ ಕೂತುಬಿಡುತ್ತಾಳೆ.

ವಿರೋಧ: ಗೆದ್ದವರ ಮಾತಿಗೆ ಹೋಗುವ ಹಣ ಬಲ್ಲವರಿಗೆ ಹೋಗಲಿ

ಹಣ ಕೊಟ್ಟರೆ ಸಮಯಪಾಲನೆ ಸಿಗಬಹುದು. ನಿಜ ಸಿಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಭಾಷಣದ ಮಾರುಕಟ್ಟೆ ಹೇಗೆ ನಡೆಯುತ್ತದೆ ನೋಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅಧಿಕಾರ ಬಿಟ್ಟ 2001ರಿಂದ 12 ವರ್ಷಗಳಲ್ಲಿ 542 ಭಾಷಣ ಮಾಡಿ ಹತ್ತು ಕೋಟಿ ಡಾಲರಿಗೂ ಹೆಚ್ಚು ಗಳಿಸಿದರೆಂದು ಅಲ್ಲಿನ ಪತ್ರಿಕೆಗಳು ಲೆಕ್ಕ ಹಾಕಿದವು. ಎಂಟು ದಿನಕ್ಕೊಂದು ಭಾಷಣ ಎಂದಾಯಿತು. ಯಾವ ಮನುಷ್ಯನ ಹತ್ತಿರವೂ 542 ಹೊಸ ವಿಷಯಗಳಿರುವುದಿಲ್ಲ. ಒಂದೇ ಭಾಷಣವನ್ನು ಊರಿಗೆ ತಕ್ಕಂತೆ ಮೊದಲ ಐದು ನಿಮಿಷ ಬದಲಿಸಿ ಹೇಳುವುದು ಈ ವೃತ್ತಿಯ ರೀತಿ. ಇಲ್ಲಿಗೆ ಬಂದರೆ ಆ ಐದು ನಿಮಿಷದಲ್ಲಿ ಕೋಲಾರಮ್ಮ, ಚಿನ್ನದ ಗಣಿ, ವಿಶ್ವೇಶ್ವರಯ್ಯ, ತುಮಕೂರಾದರೆ ಸಿದ್ಧಗಂಗೆ. ಹಿಲರಿ ಕ್ಲಿಂಟನ್ 2013ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನಲ್ಲಿ ಮೂರು ಭಾಷಣಕ್ಕೆ 6,75,000 ಡಾಲರ್ ಪಡೆದರು. ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿ ಜನ ಎಷ್ಟು ಕೇಳಿದರೂ ಆ ಭಾಷಣಗಳ ಬರಹವನ್ನು ಹೊರಗೆ ಕೊಡಲಿಲ್ಲ. 2016ರಲ್ಲಿ ಸೋರಿ ಹೊರಬಂದ ಭಾಗಗಳಲ್ಲಿ, 2013ರದೇ ಬೇರೊಂದು ಸಭೆಯಲ್ಲಿ ಅವರು, ರಾಜಕಾರಣಿಗೆ ಸಾರ್ವಜನಿಕವಾಗಿ ಒಂದು ನಿಲುವು, ಖಾಸಗಿಯಾಗಿ ಒಂದು ನಿಲುವು ಬೇಕಾಗುತ್ತದೆ ಎಂದದ್ದೂ ಇತ್ತು. ಕಾಲೇಜಿನ ಸಭಾಂಗಣ ಸಾರ್ವಜನಿಕ ಸ್ಥಳ. ಅಲ್ಲಿ ನಮಗೆ ಸಿಗುವುದು ಮೊದಲನೆಯ ನಿಲುವು.

ಒಪ್ಪಂದದ ಪತ್ರದಲ್ಲಿ 40 ನಿಮಿಷದ ಪ್ರಶ್ನೋತ್ತರ ಬರೆಸಿಕೊಳ್ಳಬಹುದು, ಉತ್ತರವನ್ನು ಬರೆಸಿಕೊಳ್ಳಲಾಗದು. ಕಂಪನಿ ಬಿಟ್ಟವರು ಒಳಗಿನ ವಿಷಯ ಹೊರಗೆ ಆಡುವುದಿಲ್ಲ ಎಂದು ಸಾಮಾನ್ಯವಾಗಿ ಸಹಿ ಹಾಕಿಯೇ ಬಿಟ್ಟಿರುತ್ತಾರೆ. ಸಂಪುಟದಲ್ಲಿದ್ದವರು ಗೋಪ್ಯತೆಯ ಪ್ರಮಾಣವಚನ ಸ್ವೀಕರಿಸಿದವರು; ಕುರ್ಚಿ ಹೋದರೂ ಅದು ಹೋಗುವುದಿಲ್ಲ. ನರಸಾಪುರದ ಗಲಭೆಯ ಬಗ್ಗೆ, ಕೆ.ಸಿ. ವ್ಯಾಲಿಯ ಕಡತದ ಬಗ್ಗೆ ಅವರು ಹೇಳಬಹುದಾದದ್ದು ಪತ್ರಿಕೆಗಳಲ್ಲಿ ಬಂದದ್ದಕ್ಕಿಂತ ಕಡಿಮೆಯೇ ಇರುತ್ತದೆ. ಮಗುವಿಗೆ 295 ರೂಪಾಯಿ ಎಂದಾಗ ಸಣ್ಣದಾಗಿ ಕಾಣುತ್ತದೆ. ನಮ್ಮ ಎಷ್ಟೋ ಗ್ರಂಥಾಲಯಗಳಲ್ಲಿ ಹೊಸ ಪುಸ್ತಕವನ್ನು ಒಂದು ಪ್ರತಿಗಿಂತ ಹೆಚ್ಚು ಕೊಳ್ಳಲು ಹಣವಿಲ್ಲ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ವೇದಿಕೆ ಹತ್ತುವವರೆಲ್ಲ ಗೆದ್ದವರು. 1981ರಲ್ಲಿ ನಾರಾಯಣ ಮೂರ್ತಿಯವರಿಗೆ ಹೆಂಡತಿ ಕೊಟ್ಟ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುವಾದ ಕಥೆಯನ್ನು ಮಕ್ಕಳು ಬಾಯಿಪಾಠ ಬಲ್ಲರು. ಅಷ್ಟೇ ಹಣ, ಅಷ್ಟೇ ಶ್ರಮ ಹಾಕಿ ಮುಳುಗಿದ ಕಂಪನಿಗಳ ಲೆಕ್ಕ ಯಾರೂ ಹೇಳುವುದಿಲ್ಲ, ಏಕೆಂದರೆ ಅವರನ್ನು ಯಾರೂ ಕರೆಯುವುದಿಲ್ಲ. ಕೋಲಾರ ಜಿಲ್ಲೆ ಕಂಡ ಅತಿ ದೊಡ್ಡ ಉದ್ಯಮದ ಪಾಠ ಗೆಲುವಿನದಲ್ಲ, ಮುಚ್ಚಿದ್ದರದು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಕೆಜಿಎಫ್ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ಆಳ ಹೆಚ್ಚುತ್ತ, ಖರ್ಚು ಹುಟ್ಟುವಳಿಯನ್ನು ಮೀರಿದ್ದು ಹೇಗೆ, ಲೆಕ್ಕದ ಪುಸ್ತಕದಲ್ಲಿ ಅದು ಎಷ್ಟು ವರ್ಷ ಮೊದಲೇ ಕಾಣುತ್ತಿತ್ತು, ಕಾರ್ಮಿಕರಿಗೆ ಯಾವಾಗ ತಿಳಿಯಿತು ಎಂಬುದನ್ನು ಬಲ್ಲವರು ಚಾಂಪಿಯನ್ ರೀಫ್, ಮಾರಿಕುಪ್ಪಂ ಸಾಲುಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಡುವ ಅವರ ಮೊಮ್ಮಕ್ಕಳೇ ನಮ್ಮ ಕಾಲೇಜುಗಳಿಂದ ಓದಿ ಹೋದವರು. ಇಂಥ ಭಾಷಣಕ್ಕೆ ಯಾವ ಬ್ಯೂರೋವೂ ದರ ಕಟ್ಟಿಲ್ಲ.

ಈ ನೆಲಕ್ಕೆ ಉಪನ್ಯಾಸದ ಸಂಸ್ಕೃತಿ ಹೊಸದೂ ಅಲ್ಲ. ಮುಳಬಾಗಿಲಿನ ಡಿ.ವಿ.ಜಿ.ಯವರು ಬೆಂಗಳೂರಿನಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ರಾಜಕೀಯವನ್ನು ಕೂತು ಓದಿ ಚರ್ಚಿಸುವುದಕ್ಕೆ. ಗೌರಿಬಿದನೂರಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ವಾರವಾರವೂ ಉಪನ್ಯಾಸ ನಡೆಯುತ್ತಿತ್ತು, ಟಿಕೆಟ್ ಇಲ್ಲದೆ. ಅದರ ಶಕ್ತಿ ಇದ್ದದ್ದು ವಾರ ತಪ್ಪದಿರುವುದರಲ್ಲಿ. ವರ್ಷಕ್ಕೊಮ್ಮೆ ಒಬ್ಬ ಪ್ರಸಿದ್ಧರನ್ನು ಕರೆಸುವುದು ಜಾತ್ರೆ. ಪ್ರತಿ ವಾರ ಒಬ್ಬ ಬಲ್ಲವರನ್ನು ಕೂರಿಸುವುದು ಶಾಲೆ.

ಅದೇ 1,77,000ವನ್ನು ಬೇರೆ ರೀತಿ ಹಂಚಿ. ಬಂದವರಿಗೆ ಬಸ್ ಚಾರ್ಜು, ಊಟ, ಗೌರವಧನ ಸೇರಿ 3,500 ಎಂದರೆ 50 ಕೂಟಗಳಿಗೆ 1,75,000. ವರ್ಷವಿಡೀ ನಡೆಯುತ್ತದೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಒಬ್ಬ ರೀಲರ್, ಎಂದರೆ ಗೂಡಿನಿಂದ ನೂಲು ತೆಗೆಯುವವರು, ಬರಲಿ. ಲಾಟಿನಿಂದ ಒಂದು ಹಿಡಿ ಗೂಡು ತೆಗೆದು, ತುದಿಯನ್ನು ಬೆರಳಲ್ಲಿ ಅಮುಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಕೋಶವಾಗಿ ಗಟ್ಟಿಯಾಗಿದೆಯೇ, ಸತ್ತು ಕರಗಿದೆಯೇ ಎಂದು ಹೇಳುವುದನ್ನು ಮಕ್ಕಳು ನೋಡಲಿ. ಆ ಒಂದು ಸದ್ದಿನ ಮೇಲೆ ಅವರು ಹರಾಜಿನಲ್ಲಿ ಸಾವಿರಾರು ರೂಪಾಯಿಯ ಬೆಲೆ ಹಾಕುತ್ತಾರೆ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕೆಂಬ ರೆಂಡಿಟ್ಟಾ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಸಿ. ಆರೂವರೆ ಕೆಜಿಯಿಂದ ಏಳೂವರೆ ಕೆಜಿಗೆ ಹೋದರೆ ಲಾಭ ಎಲ್ಲಿ ಮಾಯವಾಗುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಕೋಲಾರದ ಟೊಮೆಟೊ ಮಂಡಿಯವರು ಬರಲಿ: 15 ಕೆಜಿ ಬಾಕ್ಸು 2023ರ ಜುಲೈನಲ್ಲಿ 2,000 ದಾಟಿದಾಗ ನಾಟಿ ಮಾಡಿದವರಿಗೆ ಎರಡು ಮೂರು ತಿಂಗಳ ಮೇಲೆ ಸಿಕ್ಕ ದರ ಎಷ್ಟು? ಕೆರೆಯ ನೀರುಗಂಟಿ ಬರಲಿ. ತೂಬು, ಕೋಡಿ, ಕಾಲುವೆಯ ಸರದಿಯನ್ನು ತಿಳಿಸಲಿ. ಕೆ.ಸಿ. ವ್ಯಾಲಿಯ ನೀರು ಬಂದ ಮೇಲೆ ಆ ಕೆಲಸ ಏನಾಗಿದೆ ಎಂಬುದು ಮಾಜಿ ಮಂತ್ರಿಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇದರಲ್ಲೂ ಕೆಡುವ ಜಾಗಗಳಿವೆ. ಇವರಿಗೆ ಭಾಷಣದ ರೂಢಿ ಇಲ್ಲ. ಮೈಕಿನ ಮುಂದೆ ನಿಲ್ಲಿಸಿದರೆ ಎರಡೇ ಮಾತಿಗೆ ನಿಂತುಬಿಡುತ್ತಾರೆ, ಅಥವಾ ದೊಡ್ಡವರ ಹಾಗೆ ಮಾತಾಡಲು ಹೋಗಿ ತಮ್ಮ ವಿದ್ಯೆಯನ್ನೇ ಮರೆಯುತ್ತಾರೆ. ಆದ್ದರಿಂದ ವೇದಿಕೆ ಬೇಡ. 40 ಮಕ್ಕಳ ಒಂದು ಕೋಣೆ, ನಡುವೆ ಮೇಜು, ಮೇಜಿನ ಮೇಲೆ ಅವರ ಸಾಮಾನು. ಒಬ್ಬ ಅಧ್ಯಾಪಕರು ಹಿಂದಿನ ದಿನವೇ ಹೋಗಿ ಮಾತಾಡಿಸಿ ಎಂಟು ಪ್ರಶ್ನೆ ಗುರುತು ಮಾಡಿಕೊಂಡು ಬರಲಿ. ಬರುವವರ ಕೆಲಸದ ಹೊತ್ತನ್ನು ನೋಡಿ ಸಮಯ ಇಡಿ: ಮಂಡಿಯವರಿಗೆ ಬೆಳಗ್ಗೆ ಆಗದು, ರೀಲರ್‌ಗೆ ಹರಾಜು ಮುಗಿಯಬೇಕು, ನೀರುಗಂಟಿಗೆ ಗದ್ದೆ ನಾಟಿಯ ತಿಂಗಳು ಬೇಡ. ಹಾರ, ಶಾಲು ಇರಲಿ, ಅವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಒಬ್ಬ ವಿದ್ಯಾರ್ಥಿಯ ಕೈಯಿಂದ. ಗೌರವಧನವನ್ನು ಅವತ್ತೇ, ರಸೀದಿಗೆ ಸಹಿ ಪಡೆದು ಕೊಟ್ಟು ಕಳಿಸಿ. ಒಂದು ದಿನದ ಕೂಲಿ ಬಿಟ್ಟು ಬಂದವರನ್ನು ತಿಂಗಳ ಬಿಲ್ಲಿಗೆ ಕಾಯಿಸಬಾರದು.