ಒತ್ತಡ ಇಳಿದ ಮಾತ್ರಕ್ಕೆ ಗ್ಯಾಸ್ ಕಡಿಮೆಯೆಂದಲ್ಲ
ಕೂಲರಿನ ಸಕ್ಷನ್ ಒತ್ತಡ (ಕಂಪ್ರೆಸರಿಗೆ ಮರಳುವ ಗ್ಯಾಸಿನ ಒತ್ತಡ) ಇಳಿದಿದ್ದರೆ ಗ್ಯಾಸ್ ತುಂಬಿಸಬೇಕೆಂಬ ಲೇಖನವೊಂದರ ಸಲಹೆಯನ್ನು ಪೂರ್ತಿ ಒಪ್ಪಲಾಗದು. ಕ್ಯಾಪಿಲರಿ (ದ್ರವವನ್ನು ಮಿತವಾಗಿ ಒಳಬಿಡುವ ಸಪೂರ ಕೊಳವೆ) ಇರುವ, ಆರ್-134ಎ ಗ್ಯಾಸಿನ ಬಾಟಲ್ ಕೂಲರಿನಲ್ಲಿ ಗೇಜು ಸುಮಾರು 15 ಪಿಎಸ್‌ಐ ತೋರಿಸಿದರೆ ಇವಾಪೊರೇಟರಿನೊಳಗಿನ (ಒಳಗೆ ತಂಪು ಮಾಡುವ ಕಾಯಿಲ್) ದ್ರವ ಹೆಚ್ಚುಕಡಿಮೆ -10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತಿರುತ್ತದೆ. ಇವಾಪೊರೇಟರಿನಿಂದ ಹೊರಬರುವ ಕೊಳವೆಗೆ ಥರ್ಮಾಮೀಟರಿನ ತುದಿಯನ್ನು ಬಿಗಿದು, ಮೇಲೆ ಫೋಮ್ ಸುತ್ತಿ ಅಳೆದಾಗ -4 ಬಂದರೆ ನಡುವಿನ 6 ಡಿಗ್ರಿಯೇ ಸೂಪರ್‌ಹೀಟ್ (ಹೆಸರಿನಲ್ಲಿ ಹೀಟ್ ಇದ್ದರೂ ಕೊಳವೆ ಕೈ ಕೊರೆಯುವಷ್ಟು ತಣ್ಣಗಿರುತ್ತದೆ). ಗ್ಯಾಸ್ ನಿಜಕ್ಕೂ ಸೋರಿದ್ದರೆ ಈ ಅಂತರ ಹಿಗ್ಗುತ್ತದೆ. ಆದರೆ ಕಾಯಿಲ್‌ಗೆ ಮಂಜು ಕಟ್ಟಿಯೋ ಫ್ಯಾನ್ ನಿಂತೋ ಗಾಳಿ ಹಾಯದಿದ್ದರೆ ಒತ್ತಡದ ಜೊತೆ ಸೂಪರ್‌ಹೀಟೂ ಕುಸಿಯುತ್ತದೆ. ಆಗ ಮತ್ತಷ್ಟು ಗ್ಯಾಸ್ ತುಂಬಿದರೆ ಕುದಿಯದೆ ಉಳಿದ ದ್ರವವು ಕಂಪ್ರೆಸರಿಗೇ ಮರಳಿ, ಅಲ್ಲಿನ ಆಯಿಲನ್ನು ತೆಳುವಾಗಿಸಿ ಬೇರಿಂಗ್‌ಗಳನ್ನು ಸವೆಸುತ್ತದೆ.